ಸಾಣೆಯಲ್ಲಿ ಅಳಿದುಹೋದ ಚುಕ್ಕಿ

ಹರಳು ಕಲ್ಲು ಅರೆಯುವ ಆ ಸಾಣೆಮನೆಯಲ್ಲಿ ಅವಳನ್ನು ಎಲ್ಲರೂ ಚುಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಒಂದು ಇತ್ತು, ಆದರೆ ಯಾರಾದರೂ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ. ಮೂವತ್ತೆಂಟು ವರ್ಷದಿಂದ ಅವಳ ಕೆಲಸ ಒಂದೇ. ಗಣಿಯಿಂದ ಬಂದ ಚಂದ್ರಕಾಂತ ಕಲ್ಲಿನ ಹೆಂಟೆಯನ್ನು ನೀರಿನಲ್ಲಿ ಅದ್ದುವುದು, ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡುವುದು, ಆಮೇಲೆ ಅದರ ಮೈಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಮಸಿಯ ಚುಕ್ಕಿ ಇಡುವುದು.

ಇಷ್ಟೇನಾ ಎಂದು ಹೊಸಬರು ಮೂಗು ಮುರಿಯುತ್ತಿದ್ದರು. ಆ ಕಲ್ಲನ್ನು ಮೊದಲು ನೋಡಿದವರಿಗೆ ಅದು ಸವೆದ ಸೋಪಿನ ತುಂಡಿನ ಹಾಗೆ ಕಾಣುತ್ತದೆ. ಒಳಗೆ ಎಲ್ಲೋ ಒಂದು ಕಡೆ, ಹಾಲಿನ ಕೆನೆಯಷ್ಟು ತೆಳ್ಳಗೆ, ನೀಲಿ ಬೆರೆತ ಬಿಳಿ ಬೆಳಕು ಮಲಗಿರುತ್ತದೆ. ಕಲ್ಲನ್ನು ಗುಮ್ಮಟದ ಹಾಗೆ ಉಬ್ಬಾಗಿ ಅರೆಯುವಾಗ ಆ ಗುಮ್ಮಟದ ನೆತ್ತಿ ಸರಿಯಾಗಿ ಬೆಳಕಿನ ಮೇಲೆಯೇ ಬರಬೇಕು. ಬಂದರೆ, ಕಲ್ಲನ್ನು ವಾಲಿಸಿದಂತೆಲ್ಲ ಬೆಳಕು ಅದರ ಮೇಲೆ ತೇಲುತ್ತದೆ. ನೆತ್ತಿ ಒಂದಿಷ್ಟು ಪಕ್ಕಕ್ಕೆ ಸರಿದರೂ ಬೆಳಕು ಅಂಚಿಗೆ ಜಾರಿ ಬೀಳುತ್ತದೆ, ಉಳಿಯುವುದು ಬರೀ ಮಸುಕು ಗಾಜು. ಆ ನೆತ್ತಿ ಎಲ್ಲಿ ಎಂದು ತೋರಿಸುವುದೇ ಚುಕ್ಕಿ. ಚುಕ್ಕಿಗೆ ಬೆನ್ನಾದ ಕಡೆಯಿಂದ ಕಲ್ಲನ್ನು ಬಿಸಿ ಅರಗಿನಿಂದ ಕಡ್ಡಿಗೆ ಅಂಟಿಸಿ ಸಾಣೆಗೆ ಕೊಡುತ್ತಾರೆ. ಸಾಣೆ ತಿರುಗುತ್ತಾ ತಿರುಗುತ್ತಾ ಕೊನೆಗೆ ಚುಕ್ಕಿಯೂ ಅಳಿದುಹೋಗುತ್ತದೆ.

ಅವಳಿಗೆ ಈ ವಿದ್ಯೆ ಬಂದದ್ದು ಮಾವನವರಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಮಾವ ತಮ್ಮ ಇಬ್ಬರು ಗಂಡುಮಕ್ಕಳ ಮುಂದೆ ಒಂದು ಒದ್ದೆ ಕಲ್ಲು ಹಿಡಿದು, "ಬೆಳಕು ಎಲ್ಲಿದೆ ಹೇಳ್ರೋ" ಎಂದಿದ್ದರು. ದೊಡ್ಡವನು, ಅಂದರೆ ಅವಳ ಗಂಡ, ಎಲ್ಲ ಕಡೆ ಇದೆ ಎಂದ. ಚಿಕ್ಕವನು ಎಲ್ಲೂ ಇಲ್ಲ ಎಂದ. ಚಹಾ ಲೋಟ ಹಿಡಿದು ನಿಂತಿದ್ದ ಸೊಸೆ ಬಾಯಿ ತಡೆಯಲಾರದೆ, "ಇಲ್ಲಿದೆ ಮಾವ, ಆದ್ರೆ ಒರಗಿಕೊಂಡಿದೆ" ಎಂದುಬಿಟ್ಟಳು. ಮಾವ ಚಹಾ ಮರೆತು ಅವಳ ಮುಖ ನೋಡಿದರು.

"ಈ ಕಲ್ಲು ಎರಡು ಕಡೆ ಸೀಳತ್ತೆ ಕಣಮ್ಮ, ಗೋಡೆ ನೆಲ ಕೂಡೋ ಹಾಗೆ ನೆಟ್ಟಗೆ. ಅದನ್ನ ಉಗುರಿನಲ್ಲೇ ಹುಡುಕಬಹುದು" ಎಂದು ಅವರು ಆಮೇಲೆ ಹೇಳಿಕೊಟ್ಟರು. "ಬೆಳಕು ಮಾತ್ರ ಆ ಸೀಳುಗಳ ಮಾತು ಕೇಳಲ್ಲ. ತನ್ನ ಪಾಡಿಗೆ ಓರೆಯಾಗಿ ಮಲಗಿರತ್ತೆ. ಅದಕ್ಕೆ ಬೆರಳು ಸಾಲದು, ಕಣ್ಣೇ ಬೇಕು."

ಹೀಗೆ ಸೊಸೆ, ಮಾವ ಕೆಲಸಕ್ಕಿದ್ದ ಸಾಣೆಮನೆಗೆ ಬಂದಳು. ಏಳು ವರ್ಷದ ಮೇಲೆ ಮೈದುನನ ಹೆಂಡತಿಯೂ ಬಂದು ಸಾಣೆಯ ಮುಂದೆ ಕೂತಳು. ಓರಗಿತ್ತಿಯರಿಬ್ಬರಿಗೂ ಒಂದೇ ಮನೆ, ಒಂದೇ ಕೆಲಸ, ಒಂದೇ ಊಟದ ಡಬ್ಬಿ. ಚಿಕ್ಕವಳದು ಚುರುಕು ನಾಲಿಗೆ. ಒಮ್ಮೆ ಕಾಲೇಜಿನ ಮೇಷ್ಟರೊಬ್ಬರು ಬಂದು ಕಲ್ಲಿನ ವಿಷಯ ಹೇಳಿದ್ದರು. ಇದು ಫೆಲ್ಡ್‌ಸ್ಪಾರ್ ಜಾತಿಯದು, ನೀವು ಹತ್ತುವ ಮೆಟ್ಟಿಲಿನ ಕಲ್ಲಿನಲ್ಲೂ ಅದೇ ಇದೆ, ಪಿಂಗಾಣಿ ಬಟ್ಟಲಿನ ಹೊಳಪಿಗೂ ಅದನ್ನೇ ಬೆರೆಸುತ್ತಾರೆ ಎಂದರು. ಭೂಮಿಯೊಳಗೆ ಕುದಿಯುವಾಗ ಎರಡು ಬಗೆಯ ಫೆಲ್ಡ್‌ಸ್ಪಾರ್ ಒಂದೇ ಆಗಿ ಬೆರೆತಿರುತ್ತವೆ, ನಿಧಾನಕ್ಕೆ ತಣ್ಣಗಾಗುತ್ತಾ ಬೇರೆ ಬೇರೆ ಪದರವಾಗಿ ಕೂರುತ್ತವೆ, ಬೆಳಕು ಒಳಗೆ ಹೋಗಿ ಆ ಪದರಗಳಿಗೆ ಬಡಿದು ಚೆದರುತ್ತದೆ, ಪದರ ತೀರಾ ತೆಳುವಾಗಿದ್ದರೆ ನೀಲಿ, ದಪ್ಪಗಿದ್ದರೆ ಬರೀ ಬಿಳಿ ಎಂದರು.

ಚಿಕ್ಕವಳು ಸಾಣೆ ನಿಲ್ಲಿಸಿ, "ಹಾಗಾದ್ರೆ ನಮ್ಮಿಬ್ಬರ ಹಾಗೇ ಅನ್ನಿ ಮೇಷ್ಟ್ರೇ. ಕುದಿಯೋವಾಗ ಒಂದೇ, ತಣ್ಣಗಾದ ಮೇಲೆ ನೀನು ಬೇರೆ ನಾನು ಬೇರೆ. ಆದ್ರೆ ಮನೆ ಮಾತ್ರ ಒಂದೇ, ಎಲ್ಲಿಗೆ ಹೋಗೋದು!" ಎಂದಳು. ಮೇಷ್ಟರು ನಗುತ್ತಾ ಕನ್ನಡಕ ಒರೆಸಿಕೊಂಡರು. ಚುಕ್ಕಿಯಮ್ಮನೂ ನಕ್ಕಳು.

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಆ ಕಿಟಕಿಯ ಪಕ್ಕದ ಕುರ್ಚಿ. ಮನೆಯಲ್ಲಿ ಯಾರೂ ಅವಳನ್ನು ಕಡೆಗಣಿಸಿರಲಿಲ್ಲ, ಆದರೆ ಮನೆಯಲ್ಲಿ ಅವಳ ಮಾತಿಗೆ ಯಾರೂ ಕಾಯುತ್ತಿರಲಿಲ್ಲ. ಇಲ್ಲಿ ನಾಲ್ಕು ಸಾಣೆಗಳು ಅವಳ ಚುಕ್ಕಿಗಾಗಿ ಕಾಯುತ್ತಿದ್ದವು. ಸಾಣೆಮನೆಯ ಯಜಮಾನರು ಕೂಡ ಕೈಲಿ ಕಲ್ಲು ಹಿಡಿದು ಬಂದು, ಅವಳು ತಲೆಯೆತ್ತುವ ತನಕ ನಿಂತಿರುತ್ತಿದ್ದರು.

ಅರವತ್ತೆರಡನೆಯ ವಯಸ್ಸಿಗೆ ಒಂದು ವಿಚಿತ್ರ ಶುರುವಾಯಿತು. ಹಿಡಿದ ಕಲ್ಲಿನಲ್ಲೆಲ್ಲ ಬೆಳಕು. ಹಿಂದೆ ಹತ್ತು ಹೆಂಟೆಯಲ್ಲಿ ಮೂರೋ ನಾಲ್ಕೋ ಚೆನ್ನಾಗಿರುತ್ತಿದ್ದವು. ಈಗ ಯಾವುದನ್ನು ಎತ್ತಿದರೂ ಮೃದುವಾಗಿ, ಮಂಜಿನ ಹಾಗೆ, ಬೆಳಕು ತುಂಬಿಕೊಂಡು ಕೂತಿರುತ್ತಿತ್ತು.

"ಗಣಿ ಈ ಸಲ ಒಳ್ಳೇ ಕಡೆ ಬಿದ್ದಿದೆ ಯಜಮಾನ್ರೇ" ಎಂದಳು.

"ನಿಮ್ಮ ಬಾಯಿಂದ ಈ ಮಾತು ಕೇಳಿ ಎಷ್ಟು ವರ್ಷ ಆಯ್ತು" ಎಂದು ಅವರು ಹಿಗ್ಗಿದರು.

ಆ ವಾರವೇ ಒಂದು ಬೆಳಿಗ್ಗೆ ಮನೆಯ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಪ್ಲಾಸ್ಟಿಕ್ ಗುಂಡಿ. ಅದರ ಮೇಲೆಯೂ ಅದೇ ನೀಲಿ ಬಿಳಿ ಬೆಳಕು ತೇಲುತ್ತಿತ್ತು. ಸೂಜಿ ಕೈಯಲ್ಲೇ ನಿಂತಿತು. ಎದ್ದು ಹೋಗಿ ನೀರಿನ ಲೋಟ ನೋಡಿದಳು, ಅಲ್ಲೂ ಇತ್ತು. ದೀಪ ಹಾಕಿದಳು, ಬಲ್ಬಿನ ಸುತ್ತ ಬಳೆಯಷ್ಟಗಲದ ಬೆಳಕಿನ ಉಂಗುರ. ಬೆಳಕು ಕಲ್ಲಿನಲ್ಲಿರಲಿಲ್ಲ, ಅವಳ ಕಣ್ಣಿನಲ್ಲಿತ್ತು. ಪೊರೆ ಬಂದಿತ್ತು.

ಗೊತ್ತಾದ ದಿನವೇ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಯೂ ಹೋಗಿ ಕುರ್ಚಿಯಲ್ಲಿ ಕೂತಳು. ಸೀಳಿನ ದಿಕ್ಕನ್ನು ಉಗುರಿನಲ್ಲಿ ಹುಡುಕಿ, ಅಲ್ಲಿಂದ ಓರೆ ಎಷ್ಟಿರಬಹುದು ಎಂದು ಅಂದಾಜು ಮಾಡಿ, ಹಳೆಯ ಅಭ್ಯಾಸದ ಬಲದ ಮೇಲೆ ಚುಕ್ಕಿ ಇಡತೊಡಗಿದಳು. ಕೆಲವು ಸರಿ ಬಂದವು, ಕೆಲವು ಬರಲಿಲ್ಲ. ಬಾರದವು ಚಿಕ್ಕ ಕಲ್ಲುಗಳು, ಯಜಮಾನರು ಅವನ್ನು ಅಗ್ಗದ ಡಬ್ಬಕ್ಕೆ ಹಾಕಿ ಸುಮ್ಮನಾದರು. ಒಂದೆರಡು ಸಲ ಸಾಣೆಗಳ ಕಡೆ ನೋಡಿ, "ಕೈ ಸ್ವಲ್ಪ ಹಿಡಿತದಲ್ಲಿರಲಿ" ಎಂದರು. ಅವಳ ಕಡೆ ನೋಡಲಿಲ್ಲ. ಅವಳ ಕಡೆ ನೋಡಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಬೀದಿಯ ತಿರುವಿನ ಗಡಿಯಾರ ರಿಪೇರಿಯವರು ಬಂದರು. ಕರವಸ್ತ್ರದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಹೆಂಟೆ. ಮದುವೆಯಾದ ವರ್ಷ ಗಂಡ ಹೆಂಡತಿ ಪ್ರವಾಸ ಹೋಗಿದ್ದಾಗ ಕೊಂಡದ್ದಂತೆ, ಯಾವಾಗಲಾದರೂ ಅರೆಸಿದರಾಯಿತು ಎಂದು ಕಪಾಟಿನಲ್ಲೇ ಇತ್ತಂತೆ. ಈಗ ಹೆಂಡತಿ ಹಾಸಿಗೆ ಹಿಡಿದಿದ್ದರು.

"ಅವಳು ಒಂದೇ ಹಟ ಹಿಡಿದಿದ್ದಾಳೆ, ಅದರೊಳಗೆ ಏನಿತ್ತು ಅಂತ ನೋಡ್ಬೇಕು ಅಂತ" ಎಂದರು. "ಇದೊಂದೇ ಕಲ್ಲು ಇರೋದು ನೋಡಿ. ನಿಮ್ಮ ಕಣ್ಣಿನ ಬಗ್ಗೆ ಊರೆಲ್ಲ ಹೇಳ್ತಾರೆ, ಅದಕ್ಕೇ ಇಲ್ಲಿಗೆ ತಂದೆ."

ಆಗಲಾದರೂ ಹೇಳಬಹುದಿತ್ತು. ಬೇರೆಯವರ ಹತ್ತಿರ ತೋರಿಸಿ ಎನ್ನಬಹುದಿತ್ತು. ಅವಳು ಕಲ್ಲನ್ನು ಅದ್ದಿ ಕಿಟಕಿಗೆ ಹಿಡಿದಳು. ಕಲ್ಲು ತುಂಬ ಹಾಲು ಚೆಲ್ಲಿದ ಹಾಗಿತ್ತು. ಉಗುರಾಡಿಸಿದಳು. ಕಾಲು ಗಂಟೆ ಹೊರಳಿಸಿದಳು. ಆಮೇಲೆ ಉಸಿರು ಬಿಗಿಹಿಡಿದು ಚುಕ್ಕಿ ಇಟ್ಟಳು.

ಅರೆದವಳು ಓರಗಿತ್ತಿ. ಎರಡು ದಿನ ಆ ಕಲ್ಲನ್ನು ಮಗುವಿನ ಹಾಗೆ ನೋಡಿಕೊಂಡಳು. ಬಿಸಿ ಹೆಚ್ಚಾದರೆ ಸೀಳಿಬಿಡುತ್ತದೆಂದು ನೀರು ಬಿಟ್ಟು ಬಿಟ್ಟು ಅರೆದಳು. ಮೂರನೆಯ ದಿನ ಅರಗು ಬಿಡಿಸಿ, ಒರೆಸಿ, ಗಡಿಯಾರದವರ ಅಂಗೈ ಮೇಲಿಟ್ಟಳು. ಅವರು ಅಂಗೈಯನ್ನು ಆಚೀಚೆ ವಾಲಿಸಿದರು. ಕಲ್ಲು ಕಲ್ಲಾಗಿಯೇ ಇತ್ತು. ತೀರಾ ವಾಲಿಸಿದಾಗ ಅಂಚಿನಲ್ಲಿ, ಬಾಗಿಲ ಸಂದಿನಲ್ಲಿ ಕಂಡ ದೀಪದ ಹಾಗೆ, ಒಂದು ಗೆರೆ ನೀಲಿ ಮಿಂಚಿ ಮಾಯವಾಯಿತು. ಎಷ್ಟು ಒಳ್ಳೆಯ ನೀಲಿ ಅದು. ನೆತ್ತಿಗೆ ಬಂದಿದ್ದರೆ!

ಗಡಿಯಾರದವರ ಮುಖ ಕೆಂಪೇರಿತು. ಮೆತ್ತಗಿನ ಮನುಷ್ಯ, ಆದರೆ ಅವತ್ತು ಬಾಯಿಗೆ ಬಂದದ್ದೆಲ್ಲ ಅಂದರು. "ಕೆಲಸ ಬರದಿದ್ರೆ ಬರಲ್ಲ ಅನ್ಬೇಕು ಕಣಮ್ಮ! ಕಲ್ಲು ಅರೆಯೋ ಕೈಯಾ ಇದು? ಈರುಳ್ಳಿ ಹೆಚ್ಚೋಕೆ ಹೋಗು! ಅವಳಿಗೆ ಏನಂತ ತೋರಿಸಲಿ ನಾನು?"

"ನಾನು ಚುಕ್ಕಿ ಬಿಟ್ಟು ಕೂದಲೆಳೆಯಷ್ಟೂ ಆಚೆ ಹೋಗಿಲ್ಲ" ಎಂದಳು ಚಿಕ್ಕವಳು. "ಬೇಕಾದ್ರೆ ಅಕ್ಕನ್ನೇ ಕೇಳಿ."

ಎಲ್ಲರೂ ತಿರುಗಿ ಕಿಟಕಿಯ ಕಡೆ ನೋಡಿದರು. ಚುಕ್ಕಿ ಸಾಣೆಯ ನೀರಿನಲ್ಲಿ ಕೊಚ್ಚಿಹೋಗಿ ಎರಡು ದಿನವಾಗಿತ್ತು. ಅದು ಎಲ್ಲಿತ್ತೆಂದು ಹೇಳಬಲ್ಲವರು ಇಬ್ಬರೇ.

"ಕೈ ಒಂದೊಂದ್ಸಲ ಜಾರತ್ತೆ" ಎಂದಳು ಚುಕ್ಕಿಯಮ್ಮ. "ಎಂಥವರಿಗೂ ಜಾರತ್ತೆ. ಬಿಡಿ."

ಆ ಮಾತನ್ನು ಎಷ್ಟು ಮೆತ್ತಗೆ, ಎಷ್ಟು ದೊಡ್ಡತನದಿಂದ ಹೇಳಿದಳೆಂದರೆ, ಯಜಮಾನರಿಗೆ ಅವಳ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ಚಿಕ್ಕವಳು ಮಾತ್ರ ಬಾಯಿ ಅರ್ಧ ತೆರೆದು ಹಾಗೇ ನಿಂತಳು. ಕಪಾಳಕ್ಕೆ ಬಿದ್ದ ಹಾಗೆ.

ಮರುದಿನ ಅವಳನ್ನು ಸಾಣೆಯಿಂದ ಎಬ್ಬಿಸಿ ಕಲ್ಲು ತೊಳೆಯುವ ತೊಟ್ಟಿಯ ಹತ್ತಿರ ಹಾಕಿದರು. ಹೊಸದಾಗಿ ಬಂದವರು ಮಾಡುವ ಕೆಲಸ. ಅವಳ ಸಾಣೆಗೆ ಬೇರೆ ಕಡೆಯಿಂದ ಒಬ್ಬ ಬಂದ, ಎತ್ತರದ ಆಳು, ಎಲ್ಲರೂ ಉದ್ದಣ್ಣ ಎಂದರು. ಮನೆಯಲ್ಲಿ ಚಿಕ್ಕವಳು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ತಟ್ಟೆ ಇಟ್ಟು, "ಬಡಿಸಿದೆ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ಡಬ್ಬಿ ಎರಡಾದವು. ದಿನವಿಡೀ ತಣ್ಣೀರಿನಲ್ಲಿ ಇದ್ದು ಅವಳ ಬೆರಳುಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಚುಕ್ಕಿಯಮ್ಮ ಆ ಬೆರಳುಗಳನ್ನು ನೋಡದ ಹಾಗೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಬೇಡವಾದರೂ ತಟ್ಟೆಯಲ್ಲಿದ್ದದ್ದನ್ನು ಮುಗಿಸುತ್ತಿದ್ದಳು. ಬಿಟ್ಟರೆ ಯಾಕೆ ಎಂದು ಕೇಳಿಯಾರು ಎಂಬ ಭಯ.

ಉದ್ದಣ್ಣನ ಕಲ್ಲುಗಳೂ ಕೆಡತೊಡಗಿದವು. ಅವನು ಸುಮ್ಮನೆ ಕೇಳಿಸಿಕೊಳ್ಳುವ ಪೈಕಿ ಅಲ್ಲ. ಅವನಿಗೆ ಸಂಶಯ ಬಂದಿರಬೇಕು. ಒಂದು ದಿನ ಬೀದಿಯಲ್ಲಿ ಬಿದ್ದಿದ್ದ ಬಾಟಲಿಯ ಗಾಜಿನ ಚೂರೊಂದನ್ನು ತಂದು, ಸಾಣೆಗೆ ಹಿಡಿದು ಮೈ ಒರಟು ಮಾಡಿ, ತೊಳೆದಿಟ್ಟ ಕಲ್ಲುಗಳ ಜೊತೆ ಚುಕ್ಕಿಯಮ್ಮನ ತಟ್ಟೆಯಲ್ಲಿ ಸೇರಿಸಿದ. ಪಕ್ಕದವನಿಗೆ ಕಣ್ಣು ಮಿಟುಕಿಸಿ, "ಮಧ್ಯಾಹ್ನ ಒಂದು ತಮಾಷೆ ಇದೆ, ಇರು" ಎಂದ. ತೊಟ್ಟಿಯ ಹತ್ತಿರ ಇದ್ದ ಚಿಕ್ಕವಳ ಕಿವಿಗೂ ಅದು ಬಿತ್ತು.

ಚುಕ್ಕಿಯಮ್ಮ ಆ ಗಾಜನ್ನು ಎತ್ತಿದಳು, ಅದ್ದಿದಳು, ಹೊರಳಿಸಿದಳು. ಅದರೊಳಗೂ ಬೆಳಕು ತೇಲುತ್ತಿತ್ತು. ಸೀಳು ಉಗುರಿಗೆ ಸಿಗಲಿಲ್ಲ. ಒಳ್ಳೆಯ ಕಲ್ಲು, ಬಿರುಕಿಲ್ಲ ಎಂದುಕೊಂಡಳು. ಚುಕ್ಕಿ ಇಟ್ಟಳು.

ಮಧ್ಯಾಹ್ನ ಉದ್ದಣ್ಣ ತಟ್ಟೆಯನ್ನು ಎತ್ತಿಕೊಂಡು ಹುಡುಕಿದ. ಮತ್ತೆ ಹುಡುಕಿದ. ಮೇಜಿನ ಕೆಳಗೂ ಬಗ್ಗಿ ನೋಡಿದ.

"ಏನೋ ಉದ್ದಣ್ಣ, ಮೂಗುತಿ ಬಿತ್ತಾ?" ಎಂದು ಯಾರೋ ಕೇಳಿ ಎಲ್ಲರೂ ನಕ್ಕರು. ಅವನ ತಮಾಷೆ ಎಲ್ಲಿ ಹೋಯಿತೆಂದು ಅವನಿಗೇ ತಿಳಿಯಲಿಲ್ಲ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಚಿಕ್ಕವಳು ಕಿಟಕಿಯ ಹತ್ತಿರ ಬಂದಳು. ಏಪ್ರನ್ ಜೇಬಿನಿಂದ ಏನೋ ತೆಗೆದು ಚುಕ್ಕಿಯಮ್ಮನ ಅಂಗೈಯಲ್ಲಿಟ್ಟಳು.

"ಇದು ಬಾಟ್ಲಿ ಗಾಜು" ಎಂದಳು. "ನೀನು ಚುಕ್ಕಿ ಇಟ್ಟಿದ್ದೀಯ."

ಚುಕ್ಕಿಯಮ್ಮ ಅಂಗೈ ನೋಡಿದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಯಾರಿಗೆ ಹೇಳಿದೆ?"

"ಯಾರಿಗೂ ಹೇಳಿಲ್ಲ. ಉದ್ದಣ್ಣ ಹುಡುಕ್ತಿದ್ನಲ್ಲ, ಇದನ್ನೇ. ನಾನು ಮೊದಲೇ ಎತ್ತಿಕೊಂಡೆ. ಎಲ್ಲರೂ ನಿನ್ನನ್ನ ನೋಡಿ ನಗೋದು ನನಗೆ ಬೇಡ."

"ಯಾಕೆ?"

"ಯಾಕೆ ಅಂದ್ರೆ ನಾನೇನು ಹೇಳಲಿ? ಮೂವತ್ತೊಂದು ವರ್ಷ ಆಯ್ತು ಒಂದೇ ಮನೆಗೆ ಬಂದು." ಚಿಕ್ಕವಳು ಅವಳ ಮುಖಕ್ಕೆ ಮುಖ ಕೊಟ್ಟು ನಿಂತಳು. "ಕಣ್ಣು ಯಾವಾಗಿಂದ ಹೀಗೆ?"

ಚುಕ್ಕಿಯಮ್ಮ ಸುಳ್ಳು ಹೇಳಬಹುದಿತ್ತು. ಈಗೀಗ, ಮೊನ್ನೆಯಿಂದ ಎನ್ನಬಹುದಿತ್ತು. ಗಡಿಯಾರದವರ ಕಲ್ಲಾದ ಮೇಲೆ ಎಂದಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಬಂದದ್ದಕ್ಕೇ ಅವಳಿಗೆ ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು.

"ಆ ಕಲ್ಲಿಗೆ ಮುಂಚಿನಿಂದ" ಎಂದಳು.

"ಗೊತ್ತಿತ್ತಾ ನಿನಗೆ? ಜಾರಿದ್ದು ನನ್ನ ಕೈ ಅಲ್ಲ ಅಂತ?"

"ಗೊತ್ತಿತ್ತು."

ಚಿಕ್ಕವಳು ತೊಟ್ಟಿಯ ಹತ್ತಿರ ಹೋಗಿ, ನಲ್ಲಿ ತಿರುಗಿಸಿ, ಕಲ್ಲು ತೊಳೆಯತೊಡಗಿದಳು. ಇನ್ನೂ ಬಿಡುವು ಮುಗಿದಿರಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತಾನು ಬೀಳಿಸಿದವಳೇ ತನ್ನ ಮಾನ ಮುಚ್ಚಿದ್ದಳು. ಚುಕ್ಕಿಯಮ್ಮ ಆ ಗಾಜನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. ಯಜಮಾನರು ಬಾಗಿಲಲ್ಲಿ ಹಲ್ಲು ಕಡ್ಡಿ ಹಿಡಿದು ನಿಂತಿದ್ದರು, ಹೊರಗಿದ್ದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಒಬ್ಬರೇ ಇದ್ದಾಗ ಹೇಳೋಣ ಎಂಬ ಆಸೆ ಒಂದು ಗಳಿಗೆ ಹುಟ್ಟಿತು. ಚಿಕ್ಕವಳಿಗೆ ಅವಮಾನ ಆದದ್ದು ಎಲ್ಲರ ಮುಂದೆ ಎಂಬುದೂ ನೆನಪಾಯಿತು.

"ಯಜಮಾನ್ರೇ, ಇಲ್ಲಿ ನೋಡಿ" ಎಂದು ಕೈ ಬಿಚ್ಚಿದಳು. "ಇದು ಗಾಜು. ನಾನು ಕಲ್ಲು ಅಂದುಕೊಂಡು ಚುಕ್ಕಿ ಇಟ್ಟೆ. ನನ್ನ ಕಣ್ಣಿಗೆ ಪೊರೆ ಬಂದಿದೆ. ಗಡಿಯಾರದವರ ಕಲ್ಲು ಕೆಡಿಸಿದ್ದು ನಾನು. ನನಗೆ ಗೊತ್ತಿತ್ತು, ಗೊತ್ತಿದ್ದೂ ಅವಳ ಕೈ ಜಾರಿತು ಅಂದೆ."

ಉದ್ದಣ್ಣನಿಗೆ ನಗು ಬರಲಿಲ್ಲ. ಅವನು ತನ್ನ ಕಾಲ ಬೆರಳು ನೋಡುತ್ತಾ ನಿಂತ. ಯಜಮಾನರು ಗಾಜನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಇದೇನು ಚುಕ್ಕಿಯಮ್ಮಾ..." ಎಂದರು. ಆಮೇಲೆ ತೊಟ್ಟಿಯ ಕಡೆ ತಿರುಗಿ, "ನೀನು ನಾಳೆಯಿಂದ ನಿನ್ನ ಸಾಣೆಗೆ ಬಾರಮ್ಮ" ಎಂದರು.

ಚಿಕ್ಕವಳು ಕೈ ಒರೆಸಿಕೊಂಡಳು. "ಬರ್ತೀನಿ. ಇಲ್ಲಿ ಹೇಳಿದ್ದಾಯ್ತು. ಗಡಿಯಾರದವರಿಗೆ ಯಾರು ಹೇಳ್ತಾರೆ?"

ಅದನ್ನೂ ಚುಕ್ಕಿಯಮ್ಮನೇ ಹೇಳಬೇಕಾಗಿತ್ತು. ಸಂಜೆ ಒಬ್ಬಳೇ ತಿರುವಿನ ಅಂಗಡಿಗೆ ಹೋದಳು. ಗೋಡೆ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ಅವರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಮಸೂರ ತೆಗೆದರು.

"ಅವಳಿಗೆ ಆ ಕಲ್ಲು ತೋರಿಸಿದೆ" ಎಂದರು. "ಕೈಲಿ ಹಿಡಿದು ಇಷ್ಟೇನಾ ಅಂದಳು. ಈಗಲೂ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ, ನನಗೆ ಬೇಜಾರಾಗದೆ ಇರಲಿ ಅಂತ."

ಅವರು ಮಸೂರವನ್ನು ಮೇಜಿನ ಮೇಲಿಟ್ಟರು.

"ಅದು ಹೋಗಲಿ. ಅವತ್ತು ನಾನು ಆ ತಾಯಿಗೆ ಏನೇನು ಅಂದೆ. ನೀವು ಅಲ್ಲೇ ಕೇಳ್ತಾ ನಿಂತಿದ್ರಿ."

"ಹೌದು."

"ಕೇಳ್ತಾ ನಿಂತಿದ್ರಿ" ಎಂದು ಇನ್ನೊಮ್ಮೆ ಹೇಳಿ, ಅವರು ಮಸೂರ ಹಾಕಿಕೊಂಡು ಬಗ್ಗಿದರು. ಅವಳು ಹೊರಗೆ ಬಂದಳು. ಮರುದಿನ ಅವರು ತಾವಾಗಿ ಸಾಣೆಮನೆಗೆ ಬಂದು ಚಿಕ್ಕವಳ ಮುಂದೆ ಕೈ ಮುಗಿದರು. ಚುಕ್ಕಿಯಮ್ಮ ಮೂಲೆಯಲ್ಲಿ ನಿಂತು ಅದನ್ನೂ ನೋಡಬೇಕಾಯಿತು.

ಕಣ್ಣಿನ ಡಾಕ್ಟರು ಆಪರೇಷನ್ನಿಗೆ ಎರಡು ತಿಂಗಳ ಆಚೆ ದಿನ ಕೊಟ್ಟರು. ಅಲ್ಲಿಯ ತನಕ ಚುಕ್ಕಿ ಇಡುವವರು ಯಾರು? ಯಜಮಾನರು ತಲೆ ಕೆರೆದುಕೊಂಡರು. ಚಿಕ್ಕವಳು ತನ್ನ ಸಾಣೆಯನ್ನು ನಿಲ್ಲಿಸಿ, ಸ್ಟೂಲು ಎಳೆದುಕೊಂಡು ಬಂದು, ಚುಕ್ಕಿಯಮ್ಮನ ಕುರ್ಚಿಯ ಪಕ್ಕ ಹಾಕಿ ಕೂತಳು.

"ಹೇಳಿಕೊಡು" ಎಂದಳು. "ಆ ವಿಷಯ ಆಯ್ತು ಹೋಯ್ತು ಅಂತ ನಾನು ಅನ್ನಲ್ಲ. ಅನ್ನೋಕೆ ಆಗಲ್ಲ ನನಗೆ. ಹೇಳಿಕೊಡು."

ಅಕ್ಕ ಎಂದು ಕರೆಯಲಿಲ್ಲ.

ಚುಕ್ಕಿಯಮ್ಮ ಕುರ್ಚಿಯಿಂದ ಎದ್ದು ಸ್ಟೂಲಿಗೆ ಬಂದಳು, ಚಿಕ್ಕವಳನ್ನು ಬೆಳಕಿನ ಕಡೆ ಕೂರಿಸಿದಳು. ಕಲ್ಲು ಅದ್ದು ಎಂದಳು. ಕೈ ಆಡಿಸಬೇಡ, ಕಲ್ಲನ್ನೇ ಹೊರಳಿಸು. ಮೇಲೆ ಹೊಳೆಯೋದು ನೀರು, ಅದನ್ನ ನಂಬಬೇಡ. ಒಳಗೆ, ಸ್ವಲ್ಪ ಆಳದಲ್ಲಿ ನೋಡು. ಎದ್ದು ಬರತ್ತೆ, ಮತ್ತೆ ಮುಳುಗತ್ತೆ. ಎದ್ದಾಗ ನಿಲ್ಲಿಸು. ಚಿಕ್ಕವಳು ಹುಬ್ಬು ಗಂಟಿಕ್ಕಿ ಹೊರಳಿಸಿದಳು. ಮೂರು ಕಲ್ಲು ಬದಿಗಿಟ್ಟಳು. ನಾಲ್ಕನೆಯದರಲ್ಲಿ ಅವಳ ಉಸಿರು ತಟ್ಟನೆ ನಿಂತದ್ದು ಚುಕ್ಕಿಯಮ್ಮನಿಗೆ ಕೇಳಿಸಿತು.

"ಇಲ್ಲಿ" ಎಂದಳು. ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಚುಕ್ಕಿ ಇಟ್ಟಳು. ಕಲ್ಲನ್ನು ಚುಕ್ಕಿಯಮ್ಮನ ಮುಖದ ಹತ್ತಿರ ಹಿಡಿದು, "ಸರಿಯಾಗಿದೆಯಾ?" ಎಂದು ಕೇಳಿದಳು.

ನಾಲ್ಕೂ ಸಾಣೆಗಳು ನಿಂತಿದ್ದವು. ಯಜಮಾನರು, ಉದ್ದಣ್ಣ, ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಮೂವತ್ತೆಂಟು ವರ್ಷದಿಂದ ಈ ಸಾಣೆಮನೆ ಹೀಗೇ ನೋಡುತ್ತಾ ಬಂದಿತ್ತು. ಅವಳ ಕಣ್ಣ ಮುಂದೆ ಇದ್ದದ್ದು ಒಂದು ಬಿಳಿ ಮಂಜು, ಅದರ ನಡುವೆ ಒಂದು ಕಪ್ಪು.

"ನನಗೆ ಕಾಣಿಸ್ತಾ ಇಲ್ಲ" ಎಂದಳು ಚುಕ್ಕಿಯಮ್ಮ, ಎಲ್ಲರಿಗೂ ಕೇಳುವ ಹಾಗೆ. "ನಿನಗೆ ಕಂಡಿದ್ರೆ ಸಾಣೆಗೆ ಕೊಡು."